ಒಂದಿನ ಪ್ರಾಣಿ ಸಾಕಬೇಕು ಅಂತ ಆಸೆಯಾ? ತರುವ ಮುಂಚೆ ಮಾಡಬೇಕಾದ ಕೆಲಸಗಳು

ಡೊಂಬಿವಲಿಯಲ್ಲಿ ನಮ್ಮದು ನಾಲ್ಕನೇ ಮಹಡಿಯ ಫ್ಲ್ಯಾಟು. ಬಾಲ್ಕನಿಯಲ್ಲಿ ಒಂದು ದೊಡ್ಡ ಟಬ್ಬಿದೆ, ಅದರಲ್ಲಿ ಗುಂಡ ಅನ್ನುವ ಆಮೆ. ಮನೆಗೆ ಬಂದವರು ಚಹಾ ಮುಗಿಯುವ ಮೊದಲೇ ಎದ್ದು ಅಲ್ಲಿಗೆ ಹೋಗುತ್ತಾರೆ. ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ತಮ್ಮ ಆಸೆ ಹೇಳಿಕೊಳ್ಳುತ್ತಾರೆ. ಒಬ್ಬರಿಗೆ ಮಾತಾಡುವ ಗಿಳಿ ಬೇಕು. ಇನ್ನೊಬ್ಬರ ಮಗಳಿಗೆ ಉಡದಂಥ ದೊಡ್ಡ ಹಲ್ಲಿ ಇಗ್ವಾನಾ ಬೇಕು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, "ನಂಗೆ ಸಣ್ಣವನಿದ್ದಾಗಿಂದ ಒಂದು ಮೈನಾ ಸಾಕಬೇಕು ಅಂತ" ಅಂದರು. ಕೊನೆಗೆ ಎಲ್ಲರೂ ಸೇರಿಸುವ ಮಾತು ಒಂದೇ: "ಈಗಲ್ಲ, ಒಂದಿನ."

ಆ "ಒಂದಿನ" ಅನ್ನುವ ಮಾತು ನನಗೆ ತುಂಬಾ ಇಷ್ಟ. ಪ್ರಾಣಿ ಬರುವ ಮುಂಚಿನ ಆ ಒಂದೆರಡು ವರ್ಷ ಇದೆಯಲ್ಲ, ಆಗ ಕಲಿತದ್ದೇ ಮುಂದೆ ಪ್ರಾಣಿಯನ್ನು ಬದುಕಿಸುತ್ತದೆ. ನಾವು ಹಾಗೆ ಕಾಯಲಿಲ್ಲ. ಒಂದು ಭಾನುವಾರ ಸುಮ್ನೆ ಹೋಗಿ ತಂದೆವು. ಅದರ ಕಷ್ಟ ಅನುಭವಿಸಿದ್ದು ಗುಂಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಯಿ, ಬೆಕ್ಕು ಬಿಟ್ಟು ಬೇರೇನಾದರೂ ಸಾಕುವ ಮನಸ್ಸಿರುವ, ಮುಂಬೈ ಕಡೆಯ ಫ್ಲ್ಯಾಟುಗಳಲ್ಲಿ ಇರುವ ನಮ್ಮವರಿಗೆ. ಪುಣೆ, ಗೋವಾದವರಿಗೂ ಬಹುಪಾಲು ಹೊಂದುತ್ತದೆ.

1. ಆಸೆಯನ್ನು ಬಿಡಿಸಿ ನೋಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ, ಪ್ರಾಣಿಯಿಂದ ನಿಮಗೆ ಏನು ಬೇಕು ಅಂತ ಬರೆಯಿರಿ. ಕೈಯಲ್ಲಿ ಹಿಡಿದು ಮುದ್ದು ಮಾಡಬೇಕಾ? ದನಿ ಕೇಳಬೇಕಾ? ಕೆಲಸದಿಂದ ಬಂದು ಸುಮ್ಮನೆ ಕೂತು ನೋಡಬೇಕಾ?

ನೋಡುವ ಸುಖ ಸಾಕು ಅನ್ನುವವರಿಗೆ ಮೀನು. ದನಿ ಬೇಕಾದರೆ ಹಕ್ಕಿ. ಮುಟ್ಟಬೇಕು ಅನ್ನುವವರಿಗೆ ಗಿನಿ ಪಿಗ್. ಅದೂ ಎರಡು, ಯಾಕೆಂದರೆ ಅದು ಗುಂಪಿನಲ್ಲಿ ಬದುಕುವ ಪ್ರಾಣಿ, ಒಂಟಿಯಾದರೆ ಸೊರಗುತ್ತದೆ. ಹ್ಯಾಮ್‌ಸ್ಟರ್ ತದ್ವಿರುದ್ಧ. ದೊಡ್ಡ ಜಾತಿಯ ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ಎರಡು ಒಟ್ಟಿಗೆ ಇಟ್ಟರೆ ಕಚ್ಚಾಡಿ ಸಾಯುತ್ತವೆ. ಇನ್ನು ಆಮೆ, ಹಾವು, ಇಗ್ವಾನಾಗಳಿಗೆ ನಮ್ಮ ಮುದ್ದು ಬೇಡ. ಹಿಡಿದರೆ ಸಹಿಸಿಕೊಳ್ಳುತ್ತವೆ, ಅಷ್ಟೇ.

ನಿದ್ದೆಯ ಹೊತ್ತನ್ನೂ ಕೇಳಿಕೊಳ್ಳಿ. ಹ್ಯಾಮ್‌ಸ್ಟರ್, ಶುಗರ್ ಗ್ಲೈಡರ್ ರಾತ್ರಿ ಎದ್ದಿರುವ ಪ್ರಾಣಿಗಳು. ಬೆಳಿಗ್ಗೆ 6.40ರ ಲೋಕಲ್ ಹಿಡಿಯುವವರ ಒಂದೇ ಕೋಣೆಯ ಮನೆಯಲ್ಲಿ ರಾತ್ರಿ ಎರಡಕ್ಕೆ ಹ್ಯಾಮ್‌ಸ್ಟರ್ ಓಡುವ ಚಕ್ರ ಗಿರಗಿರ ತಿರುಗಿದರೆ ಇಬ್ಬರಿಗೂ ಹಿಂಸೆ.

ಎರಡನೇ ಪುಟದಲ್ಲಿ ಆಯುಸ್ಸಿನ ಲೆಕ್ಕ. ಹ್ಯಾಮ್‌ಸ್ಟರ್ 2ರಿಂದ 3 ವರ್ಷ. ಗಿನಿ ಪಿಗ್ 5ರಿಂದ 8. ಮೊಲ 8ರಿಂದ 12. ಜುಟ್ಟಿನ ಸಣ್ಣ ಗಿಳಿ ಕಾಕಟೀಲ್ 15ರಿಂದ 20. ಆಫ್ರಿಕನ್ ಗ್ರೇ ಗಿಳಿ 40 ದಾಟುತ್ತದೆ. ಪಕ್ಕದಲ್ಲಿ ಮನೆಯವರ ವಯಸ್ಸು ಬರೆಯಿರಿ. ಹತ್ತು ವರ್ಷದ ಮಗುವಿಗೆ ಅಂತ ಕಾಕಟೀಲ್ ತಂದರೆ, ಮಗು ಬೇರೆ ಊರಿಗೆ ಕೆಲಸಕ್ಕೆ ಹೋದ ಮೇಲೂ ಹಕ್ಕಿ ನಿಮ್ಮ ಹಾಲ್‌ನಲ್ಲೇ ಇರುತ್ತದೆ. ಅದು ನಿಮಗೆ ಖುಷಿಯ ವಿಷಯವಾದರೆ ಮಾತ್ರ ಮುಂದಕ್ಕೆ ಓದಿ.

2. ಕಾನೂನು ಏನು ಹೇಳುತ್ತದೆ

ನನ್ನ ಅಜ್ಜಿ ಮನೆ ಕುಂದಾಪುರದ ಹತ್ತಿರ. ಅಲ್ಲಿ ಚಾವಡಿಯ ಮೂಲೆಯಲ್ಲಿ ಗಿಳಿಯ ಪಂಜರ ತೂಗುತ್ತಿತ್ತು. ಅಜ್ಜಿ ಕೋಳಿಗಳನ್ನು ಕರೆಯುವ ದನಿಯನ್ನು ಅದು ಹಾಗೇ ತೆಗೆಯುತ್ತಿತ್ತು. ಕೋಳಿಗಳು ಕಾಳಿಗೆ ಅಂತ ಅಂಗಳಕ್ಕೆ ಓಡಿ ಬರುತ್ತಿದ್ದವು. ಆ ಗಿಳಿ ನನಗೆ ಪ್ರೀತಿಯದ್ದು, ಇವತ್ತಿಗೂ. ಆದರೆ ಇವತ್ತು ನಾನು ಅದನ್ನು ಸಾಕಿದರೆ ಅಪರಾಧಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ದೇಶದ ಕಾಡುಪ್ರಾಣಿ, ಹಕ್ಕಿಗಳ ಪಟ್ಟಿಗಳಿವೆ. ಹಸಿರು ಗಿಳಿ, ಬೆಟ್ಟದ ಮೈನಾ, ಮುನಿಯಾ, ನಕ್ಷತ್ರ ಆಮೆ, ಹೆಬ್ಬಾವು, ಉಡ, ಕಾಡುಪಾಪ ಎಲ್ಲ ಅದರಲ್ಲಿವೆ. ಇವನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. "ಇದು ಪಂಜರದಲ್ಲೇ ಹುಟ್ಟಿದ ಮರಿ" ಅನ್ನುವ ಮಾತು ನಡೆಯುವುದಿಲ್ಲ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಈಗ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಒಂದನೇ ಪಟ್ಟಿಯ ಪ್ರಾಣಿಯಾದರೆ ಕಡಿಮೆ ಅಂದರೂ 3 ವರ್ಷ, 7ರವರೆಗೂ ಹೋಗಬಹುದು.

ಕಾನೂನು ಬಿಡಿ, ಇನ್ನೊಂದು ಕಾರಣ ಇದೆ. ಮಾರಾಟಕ್ಕೆ ಬರುವ ಗಿಳಿಮರಿಗಳನ್ನು ಮರದ ಪೊಟರೆಯಿಂದ ಕಿತ್ತು ತರುತ್ತಾರೆ. ಗಾಳಿ ಇಲ್ಲದ ಡಬ್ಬಿ, ಚೀಲಗಳಲ್ಲಿ ತುಂಬಿ ಸಾಗಿಸುತ್ತಾರೆ. ಬದುಕಿ ಉಳಿದದ್ದನ್ನು ನಾವು ನೋಡುತ್ತೇವೆ. ದಾರಿಯಲ್ಲಿ ಸತ್ತದ್ದು ಕಣ್ಣಿಗೆ ಬೀಳುವುದಿಲ್ಲ.

ಗೂಡಿನಿಂದ ಬಿದ್ದ ಮರಿ ಸಿಕ್ಕರೆ, ಮನೆಗೆ ಹಾವು ಬಂದರೆ, ಯಾರೋ ನಕ್ಷತ್ರ ಆಮೆ ಕೊಟ್ಟು ಹೋದರೆ, ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಈ ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ಇನ್ನು ವಿದೇಶದ ಪ್ರಾಣಿಗಳು. "ಫಾರಿನ್ ಆದ್ರೆ ಏನೂ ತೊಂದ್ರೆ ಇಲ್ಲ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಹಿಂದೆ ಹೆಚ್ಚುಕಮ್ಮಿ ಹಾಗೇ ಇತ್ತು, ಈಗಿಲ್ಲ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರಲ್ಲಿರುವ ಪ್ರಾಣಿಗಳನ್ನು ನಮ್ಮ ಕಾಯ್ದೆಯ ನಾಲ್ಕನೇ ಪಟ್ಟಿಗೆ ಸೇರಿಸಿದ್ದಾರೆ. ಆಫ್ರಿಕನ್ ಗ್ರೇ, ಮಕಾವ್, ಕಾಕಟೂ, ಸನ್ ಕೊನ್ಯೂರ್ ಗಿಳಿಗಳು, ಇಗ್ವಾನಾ, ಬಾಲ್ ಪೈಥಾನ್ ಹಾವು ಎಲ್ಲ ಅಲ್ಲಿವೆ. ಇವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಹೋಗುತ್ತದೆ. ಮರಿ ಹುಟ್ಟಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ಅದನ್ನೂ ತಿಳಿಸಬೇಕು.

ಈ ತಲೆಬಿಸಿ ಬೇಡ ಅನ್ನುವವರಿಗೆ ದಾರಿ ಇದೆ. ಗಿಳಿಗಳ ಬಳಗದಲ್ಲಿ ಬಜರಿಗರ್, ಕಾಕಟೀಲ್, ಪೀಚ್ ಬಣ್ಣದ ಮುಖದ ಲವ್ ಬರ್ಡ್ ಸೈಟಿಸ್ ಪಟ್ಟಿಯಲ್ಲಿಲ್ಲ. ಅಂದಹಾಗೆ ನಮ್ಮ ಕಡೆ ಎಲ್ಲರೂ "ಲವ್ ಬರ್ಡ್ಸ್" ಅಂತ ಕರೆಯುವ ಹಸಿರು, ನೀಲಿಯ ಸಣ್ಣ ಹಕ್ಕಿ ನಿಜವಾಗಿ ಬಜರಿಗರ್, ಆಸ್ಟ್ರೇಲಿಯಾದ್ದು. ಗಿನಿ ಪಿಗ್, ಹ್ಯಾಮ್‌ಸ್ಟರ್, ಸಾಕು ಮೊಲಗಳಿಗೂ ಈ ನೋಂದಣಿ ಬೇಕಿಲ್ಲ.

ಮೊಬೈಲಿನಲ್ಲಿ ಕಾಣುವ ವೀಡಿಯೋಗಳನ್ನು ನಂಬಿ ಆಸೆ ಬೆಳೆಸಬೇಡಿ. ದೊಡ್ಡ ಕಣ್ಣಿನ ಸ್ಲೋ ಲೋರಿಸ್‌ಗೆ ಕಂಕುಳಲ್ಲಿ ಕಚಗುಳಿ ಇಟ್ಟಾಗ ಅದು ಎರಡೂ ಕೈ ಎತ್ತುತ್ತದಲ್ಲ, ಅದು ಖುಷಿಯಿಂದಲ್ಲ. ಅದರ ವಿಷದ ಗ್ರಂಥಿ ಮೊಣಕೈಯ ಒಳಬದಿಯಲ್ಲಿದೆ. ಹೆದರಿ, ಕಚ್ಚಲು ತಯಾರಾಗಿ ಕೈ ಎತ್ತುತ್ತದೆ.

ಗುಂಡನ ಕಥೆ

ಒಂಬತ್ತು ವರ್ಷದ ಹಿಂದೆ ಮಗನಿಗೆ ಆರು ತುಂಬಿತ್ತು. ಒಂದು ಅಂಗಡಿಯಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಸಿರು ಆಮೆಮರಿ ಕಂಡಿತು. "ಇದು ಬೆಳೆಯುತ್ತಾ?" ಅಂತ ಕೇಳಿದೆ. "ಇಷ್ಟೇ ಇರುತ್ತೆ" ಅಂದರು. ಪ್ಲಾಸ್ಟಿಕ್ ತೆಂಗಿನಮರ ಇರುವ ಒಂದು ಬೋಗುಣಿ, ಒಂದು ಡಬ್ಬಿ ಕಾಳುತಿಂಡಿ. ಅಷ್ಟೇ ತಂದದ್ದು.

ನಾವು ಅದನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟಿದ್ದೆವು. ಗಾಜು ಮುಚ್ಚಿಯೇ ಇರುತ್ತಿತ್ತು, ಪಾರಿವಾಳ ಬರುತ್ತದೆ ಅಂತ. ಎಂಟು ತಿಂಗಳಿಗೆ ಒಂದು ದಿನ ನೀರು ಬದಲಿಸುವಾಗ ಹೆಬ್ಬೆರಳು ತಾಗಿ ಚಿಪ್ಪಿನ ಅಂಚು ಮಡಚಿದಂತಾಯಿತು. ನೆನೆದ ರಟ್ಟಿನ ಹಾಗೆ. ನನ್ನ ಕೈ ನಡುಗಿತು. ಡಾಕ್ಟರು ನೋಡಿ ಒಂದೇ ಪ್ರಶ್ನೆ ಕೇಳಿದರು: "ಬಿಸಿಲು ಗಾಜಿನ ಮೂಲಕ ಬರ್ತಿತ್ತಾ?" ಆಮೆಯ ಮೈ ಕ್ಯಾಲ್ಸಿಯಂ ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ ಬೇಕು. ಅದಕ್ಕೆ ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನೇ ತಡೆಯುತ್ತದೆ. ಬೆಳಕು, ಬಿಸಿ ಒಳಗೆ ಬರುತ್ತದೆ, ಬೇಕಾದದ್ದು ಮಾತ್ರ ಹೊರಗೇ ಉಳಿಯುತ್ತದೆ.

ಗುಂಡ ಬದುಕಿದ. ನೇರ ಬಿಸಿಲು, ಮಳೆಗಾಲಕ್ಕೆ ಯುವಿಬಿ ದೀಪ, ಕ್ಯಾಲ್ಸಿಯಂ, ಸೊಪ್ಪು. ಈಗ ಚಿಪ್ಪು 20 ಸೆಂಟಿಮೀಟರ್. ಬೆಳಿಗ್ಗೆ ಕಲ್ಲಿನ ಮೇಲೆ ಹತ್ತಿ, ಹಿಂದಿನ ಎರಡೂ ಕಾಲು ಹಿಂದಕ್ಕೆ ಚಾಚಿ, ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸಿ ಬಿಸಿಲು ಕಾಯಿಸುತ್ತಾನೆ. ಆದರೆ ಆ ಮೊದಲ ವರ್ಷದ ಗುರುತು ಚಿಪ್ಪಿನ ಬಲಭಾಗದಲ್ಲಿ ಹಾಗೇ ಇದೆ, ಸ್ವಲ್ಪ ತಗ್ಗಾಗಿ.

ಗುಂಡ ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಜಾತಿ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದೆ. ಚೆನ್ನಾಗಿ ಸಾಕಿದರೆ 20, 30 ವರ್ಷ ಬದುಕುತ್ತದೆ, ಹೆಣ್ಣು 25 ಸೆಂಟಿಮೀಟರ್ ದಾಟುತ್ತದೆ. ಅದೃಷ್ಟಕ್ಕೆ ಅಂತ ಆಮೆ ತರುವವರು ಇದನ್ನು ತಿಳಿದುಕೊಳ್ಳಬೇಕು. ದೊಡ್ಡದಾಯಿತು ಅಂತ ಪವಾಯಿ ಕೆರೆಗೋ ದೇವಸ್ಥಾನದ ಕೆರೆಗೋ ಬಿಡುವುದು ಪುಣ್ಯದ ಕೆಲಸ ಅಲ್ಲವೇ ಅಲ್ಲ. ಅದು ನಮ್ಮ ಊರಿನ ಆಮೆಗಳ ಆಹಾರ, ಬಿಸಿಲಿನ ಜಾಗ ಎಲ್ಲ ಕಸಿದುಕೊಳ್ಳುತ್ತದೆ. ಗಾಜಿನ ತೊಟ್ಟಿಯ ಪಾಚಿ ತಿನ್ನಲಿ ಅಂತ ತರುವ ಸಕ್ಕರ್ ಮೀನಿನದ್ದೂ ಇದೇ ಕಥೆ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ತಪ್ಪಬಾರದು, ಅವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ಬೇಡ.

3. ಮನೆಯನ್ನು ಪ್ರಾಣಿಯ ಕಣ್ಣಿಂದ ನೋಡಿ

ಮೊದಲು ಅಡುಗೆಮನೆ. ಹಕ್ಕಿ ಸಾಕುವ ಆಸೆ ಇದ್ದರೆ ನಾನ್‌ಸ್ಟಿಕ್ ಕಾವಲಿಯನ್ನು ಕೊಟ್ಟುಬಿಡಿ. ಕಾವಲಿ ಒಲೆಯ ಮೇಲೆ ಮರೆತು ಹೋಗಿ ಜಾಸ್ತಿ ಕಾದರೆ ಅದರ ಲೇಪನದಿಂದ ಬರುವ ಹೊಗೆ ನಮಗೆ ವಾಸನೆಯೂ ಬರದಿರಬಹುದು, ಆದರೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಕಬ್ಬಿಣದ ಹಳೆ ದೋಸೆ ಕಾವಲಿಯಿಂದ ಆ ಅಪಾಯ ಇಲ್ಲ. ಧೂಪ, ಅಗರಬತ್ತಿ, ಸೊಳ್ಳೆ ಬತ್ತಿ ಕೂಡ ಹಕ್ಕಿ ಇರುವ ಕೋಣೆಯಲ್ಲಿ ಬೇಡ. ಬೆಣ್ಣೆಹಣ್ಣು, ಚಾಕೊಲೇಟ್ ಹಕ್ಕಿಗೆ ವಿಷ. ಹಕ್ಕಿ ಹೊರಗೆ ಹಾರುವಾಗ ಸೀಲಿಂಗ್ ಫ್ಯಾನ್ ಬಂದ್.

ಬಾಲ್ಕನಿಯಲ್ಲಿ ಪಂಜರ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಂಬೈಯ ಇಲಿ ಪೈಪ್ ಹತ್ತಿ ಮೇಲಿನ ಮಹಡಿಗೂ ಬರುತ್ತದೆ. ಹಗಲಿಗೆ ಕಾಗೆ, ಹದ್ದು. ಪಂಜರ ಹಾಲ್‌ನಲ್ಲಿ, ಒಂದು ಬದಿ ಗೋಡೆಗೆ ತಾಗಿ, ನಮ್ಮ ಎದೆಯ ಎತ್ತರದಲ್ಲಿ ಇರಲಿ.

ಸೆಖೆ. ಮೊಲ, ಗಿನಿ ಪಿಗ್ ತಂಪು ಸೀಮೆಯ ಪ್ರಾಣಿಗಳು. 30 ಡಿಗ್ರಿ ಹತ್ತಿರ ಬಂದರೆ ಅವಕ್ಕೆ ಕಷ್ಟ ಶುರು. ನಮ್ಮಲ್ಲಿ ಏಪ್ರಿಲ್, ಮೇ, ಮತ್ತೆ ಅಕ್ಟೋಬರ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿ ಇಡುವುದು, ಮಲಗಲು ಒಂದು ಟೈಲ್ಸ್ ಕೊಡುವುದು, ಇವು ಸಹಾಯ ಮಾಡುತ್ತವೆ. ಆದರೆ ಮಧ್ಯಾಹ್ನ ಬೆಂಕಿಯಾಗುವ ಪಶ್ಚಿಮದ ಕೋಣೆ ಮಾತ್ರ ಇರುವವರು ಮೊಲ ತರಬೇಡಿ ಅಂತಲೇ ಹೇಳುತ್ತೇನೆ. ಪುಣೆಯವರಿಗೆ ಡಿಸೆಂಬರಿನ ರಾತ್ರಿಗಳಲ್ಲಿ ಹಕ್ಕಿಯ ಪಂಜರಕ್ಕೆ ಹೊದಿಕೆ ಬೇಕು.

ಶಬ್ದ. ಗಣಪತಿ ಮೆರವಣಿಗೆಯ ಢೋಲ್, ದೀಪಾವಳಿಯ ಪಟಾಕಿ. ರಸ್ತೆ ಕಡೆಯ ಕೋಣೆ ಬಿಟ್ಟು ಒಳಗಿನ ಕೋಣೆಯಲ್ಲಿ ಜಾಗ ಇದೆಯಾ ನೋಡಿ.

ಮೀನು ಸಾಕುವವರಿಗೆ ತೂಕದ ಲೆಕ್ಕ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ 56 ಲೀಟರ್ ನೀರು ಹಿಡಿಯುತ್ತದೆ, ಅಂದರೆ 56 ಕಿಲೋ. ಗಾಜು, ಕಲ್ಲು, ಮರಳು ಸೇರಿ ಒಬ್ಬ ದೊಡ್ಡ ಮನುಷ್ಯನ ತೂಕಕ್ಕಿಂತ ಜಾಸ್ತಿ. ಟೀಪಾಯಿ ಮೇಲೆ ಇಡುವ ಸಾಮಾನಲ್ಲ.

4. ಡಾಕ್ಟರನ್ನು ಮೊದಲೇ ಹುಡುಕಿ

ನಾಯಿ, ಬೆಕ್ಕಿನ ಡಾಕ್ಟರು ಎಲ್ಲ ಕಡೆ ಇದ್ದಾರೆ. ಹಕ್ಕಿ, ಮೊಲ, ಆಮೆ ಬಲ್ಲವರು ಕಡಿಮೆ. ಮುಂಬೈಯಲ್ಲಿ ಪರೇಲ್‌ನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಎಲ್ಲರಿಗೂ ಗೊತ್ತು. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಕೂಡ ಅಲ್ಲೇ. ಆದರೆ ಡೊಂಬಿವಲಿಯಿಂದ ಪರೇಲ್‌ಗೆ ಉಸಿರು ಕಟ್ಟುತ್ತಿರುವ ಹಕ್ಕಿಯನ್ನು ಹಿಡಿದುಕೊಂಡು ಹೋಗುವುದು ಸುಲಭವಲ್ಲ. ಮನೆಯಿಂದ ಅರ್ಧ ಗಂಟೆಯೊಳಗೆ ಒಬ್ಬರು ಬೇಕು.

ಫೋನ್ ಮಾಡಿ ನೇರವಾಗಿ ಕೇಳಿ: ತಿಂಗಳಿಗೆ ಎಷ್ಟು ಹಕ್ಕಿ ಅಥವಾ ಮೊಲ ನೋಡುತ್ತೀರಿ? ರಾತ್ರಿ ಆದರೆ ಯಾರಿಗೆ ಫೋನ್ ಮಾಡಬೇಕು? ಗಿನಿ ಪಿಗ್‌ಗೆ ಯಾವ ಆ್ಯಂಟಿಬಯೋಟಿಕ್ ಕೊಡುವುದಿಲ್ಲ? ಕೊನೆಯ ಪ್ರಶ್ನೆಯ ಉತ್ತರ ನಿಮಗೂ ಗೊತ್ತಿರಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಯನ್ನು ಬಾಯಿಗೆ ಹಾಕಿದರೆ ಗಿನಿ ಪಿಗ್, ಮೊಲಗಳ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಪ್ರಾಣಿಯೇ ಸಾಯಬಹುದು. ನಾಯಿಗೆ ಹಾಕುವ ಫಿಪ್ರೊನಿಲ್ ಅನ್ನುವ ಉಣ್ಣೆ ಹುಳದ ಔಷಧಿ ಮೊಲಕ್ಕೆ ವಿಷ. ಪ್ರಶ್ನೆಗೆ ಬೇಸರಿಸದೆ ಉತ್ತರ ಕೊಡುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

5. ಕಾಯುವ ದಿನಗಳಲ್ಲಿ ಅಭ್ಯಾಸ ಮಾಡಿ

ಸಣ್ಣದರಿಂದ ಶುರು ಮಾಡಿ. ಕುಂಡದಲ್ಲಿ ಕರಿಬೇವಿನ ಗಿಡ ಇದೆ ತಾನೇ? ಮಳೆಗಾಲದಲ್ಲಿ ಎಳೆ ಚಿಗುರಿನ ಮೇಲೆ ಕಣ್ಣಿಡಿ. ಕಾಮನ್ ಮಾರ್ಮನ್ ಚಿಟ್ಟೆ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಮಹಾರಾಷ್ಟ್ರ 2015ರಲ್ಲಿ ರಾಜ್ಯದ ಚಿಟ್ಟೆ ಅಂತ ಸಾರಿದ ಬ್ಲೂ ಮಾರ್ಮನ್‌ನ ನೆಂಟ ಇದು. ಹುಳ ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಎಲೆಯಂತೆ ಹಸಿರು. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ಹೊರಗೆ ಬರುತ್ತದೆ, ಘಾಟು ವಾಸನೆ. ಒಂದು ಸಲ ನೋಡಿ, ಮತ್ತೆ ಮತ್ತೆ ಕೆಣಕಬೇಡಿ. ಡಬ್ಬಿಗೆ ಹಾಕಬೇಡಿ, ಗಿಡದಲ್ಲೇ ಇರಲಿ. ದಿನಾ ಎಷ್ಟು ಎಲೆ ತಿಂದಿತು, ಯಾವಾಗ ತಿನ್ನುವುದು ನಿಲ್ಲಿಸಿತು ಅಂತ ಬರೆದಿಡಿ. ಮುಟ್ಟದೆ ನೋಡುವುದು, ಬದಲಾವಣೆ ಗುರುತಿಸುವುದು, ಸಾಕುವವರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ. ಮಕ್ಕಳಿದ್ದರೆ ರಾಣಿಬಾಗ್‌ನ ಹಕ್ಕಿಮನೆಯಲ್ಲೋ ಪುಣೆಯ ಕಾತ್ರಜ್ ಮೃಗಾಲಯದಲ್ಲೋ ಒಂದೇ ಪ್ರಾಣಿಯ ಮುಂದೆ ಅರ್ಧ ಗಂಟೆ ಕೂರಿಸಿ.

ಆಮೇಲೆ ದೊಡ್ಡ ಅಭ್ಯಾಸ. ನಮ್ಮವರೆಲ್ಲ ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ಮತ್ಸ್ಯಗಂಧದಲ್ಲಿ ಟಿಕೆಟು, ಎರಡು ಮದುವೆ, ಒಂದು ಪೂಜೆ, ಹದಿನೈದು ದಿನ ಅಂದದ್ದು ಇಪ್ಪತ್ತಾಗುತ್ತದೆ. ಆಗ ಪ್ರಾಣಿಯನ್ನು ಯಾರು ನೋಡುತ್ತಾರೆ? ಈ ಪ್ರಶ್ನೆಗೆ ಹೆಸರು ಸಮೇತ ಉತ್ತರ ಇಲ್ಲದೆ ಯಾವ ಪ್ರಾಣಿಯನ್ನೂ ತರಬೇಡಿ. ಆ ಹೆಸರು ಹುಟ್ಟುವ ಒಳ್ಳೆಯ ದಾರಿ ಅಂದರೆ ಮೊದಲು ನೀವು ಬೇರೆಯವರ ಪ್ರಾಣಿ ನೋಡಿಕೊಳ್ಳುವುದು.

ಎದುರು ಮನೆಯ ಅಕ್ಕನ ಹತ್ತಿರ ಎರಡು ಗಿನಿ ಪಿಗ್ ಇದ್ದವು. ಒಂದು ಮೇ ತಿಂಗಳಲ್ಲಿ, "ಹದಿನಾರು ದಿನ ನೋಡ್ಕೊಳ್ತೀಯಾ ಮಾರಾಯ್ತಿ? ನಿಂಗೂ ಆಸೆ ಉಂಟಲ್ಲ" ಅಂದರು. ಒಪ್ಪಿದೆ. ಎರಡನೇ ದಿನಕ್ಕೇ ಅವು ನನ್ನ ಫ್ರಿಜ್ ಬಾಗಿಲಿನ ಸದ್ದು ಕಲಿತವು. ಬಾಗಿಲು ತೆಗೆದು ತರಕಾರಿಯ ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಸಾಕು, ಹಾಲಿನಿಂದ ಇಬ್ಬರೂ ಒಟ್ಟಿಗೆ "ವೀಕ್, ವೀಕ್" ಅಂತ ಸಿಳ್ಳೆ ಹಾಕುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ನಾನು ನೀರು ಕುಡಿಯಲು ಎದ್ದರೂ ಸಿಳ್ಳೆ. ಹದಿನಾರು ದಿನದಲ್ಲಿ ಕಲಿತದ್ದು ಇಷ್ಟು: ದಿನಾ ಎರಡು ಸಲ ಹಿಕ್ಕೆ ಗುಡಿಸಬೇಕು, ಎರಡು ದಿನಕ್ಕೊಮ್ಮೆ ಕೆಳಗೆ ಹಾಸಿದ ಬಟ್ಟೆ ಬದಲಿಸಬೇಕು, ಹುಲ್ಲು ಒಂದು ಗಂಟೆಯೂ ಖಾಲಿ ಇರಬಾರದು. ಗಂಡನಿಗೆ ಒಣಹುಲ್ಲಿನ ದೂಳಿಗೆ ಸೀನು ಬರುತ್ತದೆ ಅನ್ನುವುದೂ ಆಗಲೇ ಗೊತ್ತಾಯಿತು. ಇದು ಪ್ರಾಣಿ ತಂದ ಮೇಲೆ ಗೊತ್ತಾಗಿದ್ದರೆ?

6. ಮನೆ ಮೊದಲು, ಪ್ರಾಣಿ ಆಮೇಲೆ

ಮೀನಿನ ತೊಟ್ಟಿಯನ್ನು ಮೀನಿಲ್ಲದೆ 4ರಿಂದ 6 ವಾರ ನಡೆಸಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಡುಕಲ್ಲ. ಈ ಎರಡೂ ಫಿಲ್ಟರಿನಲ್ಲಿ ನೆಲೆ ನಿಲ್ಲಲು ವಾರಗಳು ಬೇಕು. ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ, ಫಿಲ್ಟರ್ ಓಡಿಸಿ, ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾಯಿರಿ. "ಮೀನು ತಂದ ಮೂರೇ ದಿನಕ್ಕೆ ಸತ್ತವು" ಅನ್ನುವವರಲ್ಲಿ ಬಹಳಷ್ಟು ಜನ ಈ ಹೆಜ್ಜೆ ಬಿಟ್ಟವರು.

ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನನ್ನೂ ಸುಡುತ್ತದೆ, ಆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆ್ಯಂಟಿ ಕ್ಲೋರಿನ್ ಹಾಕಿಯೇ ನೀರು ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಟ್ಯಾಂಕರ್ ನೀರು ಬಂದ ದಿನ ಬದಲಿಸುವುದು ಬೇಡ, ಅದರ ಗುಣ ಬೇರೆಯೇ ಇರುತ್ತದೆ.

ಕರೆಂಟಿಗೂ ಏರ್ಪಾಟು ಇರಲಿ. 2020ರ ಅಕ್ಟೋಬರ್ 12ರಂದು ಮುಂಬೈ, ಠಾಣೆ ಕಡೆಯೆಲ್ಲ ಗಂಟೆಗಟ್ಟಲೆ ಕರೆಂಟು ಹೋಯಿತಲ್ಲ, ಆಗ ನಮ್ಮ ತೊಟ್ಟಿಯ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಮಗ, ನಾನು ಸರದಿ ಹಾಕಿಕೊಂಡು ಚೊಂಬಿನಲ್ಲಿ ತೊಟ್ಟಿಯ ನೀರು ತೆಗೆದು ಒಂದು ಅಡಿ ಮೇಲಿಂದ ಅದಕ್ಕೇ ಸುರಿದೆವು. ನೀರಿಗೆ ಗಾಳಿ ಸೇರುತ್ತದೆ, ಮೀನು ಉಳಿಯುತ್ತವೆ. ಬ್ಯಾಟರಿಯ ಏರ್ ಪಂಪ್ ಇದ್ದರೆ ತೋಳು ನೋಯುವುದಿಲ್ಲ. ಸೆಲ್ಲು ಹಾಕಿ ಪಕ್ಕದಲ್ಲೇ ಇಟ್ಟಿರಿ.

ಮೊದಲ ಸಲದವರಿಗೆ ಒಂದು ಗಂಡು ಬೆಟ್ಟಾ ಮೀನು ಒಳ್ಳೆಯದು. ಅದು ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಹಾಗಂತ ಹೂದಾನಿಯಲ್ಲಿ ಹಾಕಬೇಡಿ, 20 ಲೀಟರ್ ಆದರೂ ಇರಲಿ.

ಗಿನಿ ಪಿಗ್ ಎರಡಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಬೇಕು. ತಂತಿಯ ನೆಲ ಬೇಡ, ಪಾದ ಹುಣ್ಣಾಗುತ್ತದೆ. ಅವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಯಲು ಹುಲ್ಲೇ ಬೇಕು. ಟಿಮೊಥಿ ಹುಲ್ಲು ಹೊರಗಿನಿಂದ ಬರುತ್ತದೆ, ದುಬಾರಿ. ಅದರ ಜೊತೆಗೆ ನಮ್ಮ ಗರಿಕೆ ಕೊಡಬಹುದು. ಹೌದು, ಗಣಪತಿಗೆ ಏರಿಸುವ ಗರಿಕೆಯೇ. ದಾದರ್, ಮಾಟುಂಗದ ಹೂವಿನವರ ಹತ್ತಿರ ಕಟ್ಟು ಸಿಗುತ್ತದೆ. ಎರಡು, ಮೂರು ನೀರಿನಲ್ಲಿ ತೊಳೆದು, ನೀರು ಇಳಿಸಿ ಕೊಡಿ. ಗಿನಿ ಪಿಗ್‌ನ ಮೈ ನಮ್ಮ ಮೈಯ ಹಾಗೆಯೇ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳಲಾರದು. ದಿನಾ ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು ಸಿಕ್ಕರೆ ಸರಿಹೋಗುತ್ತದೆ. ಅನ್ನ, ಚಪಾತಿ, ಬಿಸ್ಕತ್ತು ಏನೂ ಬೇಡ.

7. ತರುವಾಗ

ಮೊದಲು ಕೇಳಬೇಕಾದದ್ದು, ಯಾರಾದರೂ ಬಿಟ್ಟುಕೊಡುತ್ತಿದ್ದಾರಾ ಅಂತ. ಊರು ಬದಲಾದವರು, ಅಲರ್ಜಿ ಬಂದವರು ಕಾಕಟೀಲ್, ಗಿನಿ ಪಿಗ್ ಕೊಡಲು ಒಳ್ಳೆಯ ಮನೆ ಹುಡುಕುತ್ತಿರುತ್ತಾರೆ. ನಿಮ್ಮ ಡಾಕ್ಟರಿಗೆ ಇದು ಗೊತ್ತಿರುತ್ತದೆ.

ಅಂಗಡಿಯಾದರೆ, 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಕಾಣುವಂತೆ ಹಾಕಿರಬೇಕು. ಇಲ್ಲದಿದ್ದರೆ ಹೊರಗೆ ಬನ್ನಿ. ಬಿಲ್ ಕೇಳಿ, ಅದರಲ್ಲಿ ಪ್ರಾಣಿಯ ಜಾತಿಯ ಹೆಸರು ಇರಲಿ. ಒಂದೇ ಪಂಜರದಲ್ಲಿ ಒಂದು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕೆಳಗೆ ಕೂತಿದ್ದರೆ ಅಲ್ಲಿಂದ ಯಾವುದನ್ನೂ ತರಬೇಡಿ. ಪಾಪ ಅನಿಸುತ್ತದೆ, ನಿಜ. ಅದನ್ನು ಉಳಿಸಬೇಕು ಅಂತ ಕೊಂಡರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

"ಕಣ್ಣು ಬಿಡದ ಮರಿ ಒಯ್ಯಿರಿ, ನೀವೇ ಸಿರಿಂಜಿನಲ್ಲಿ ತಿನ್ನಿಸಿದರೆ ಹಚ್ಚಿಕೊಳ್ಳುತ್ತೆ" ಅಂತ ಹೇಳುವವರಿದ್ದಾರೆ. ಒಪ್ಪಬೇಡಿ. ಅನುಭವ ಇಲ್ಲದ ಕೈಯಲ್ಲಿ ಆಹಾರ ಶ್ವಾಸಕೋಶಕ್ಕೆ ಹೋಗಿ ಮರಿ ಸಾಯುತ್ತದೆ. ಬಿಸಿ ಜಾಸ್ತಿಯಾದರೆ ಗಂಟಲ ಚೀಲ ಸುಡುತ್ತದೆ. ತಾನೇ ತಿನ್ನಲು ಕಲಿತ ಮರಿಯೂ ತಾಳ್ಮೆಯಿಂದ ಇದ್ದರೆ ಅಷ್ಟೇ ಹಚ್ಚಿಕೊಳ್ಳುತ್ತದೆ.

8. ಮೊದಲ ವಾರ

ಮೂರು ದಿನ ಮುಟ್ಟಬೇಡಿ. ನೀರು, ಆಹಾರ ಇಟ್ಟು ದೂರ ಕೂತು ಮಾತಾಡುತ್ತಿರಿ. ನೆಂಟರನ್ನು ಕರೆಯಬೇಡಿ, ಮಕ್ಕಳಿಗೂ ಹೇಳಿಡಿ. ಕಾಕಟೀಲ್ ಆದರೆ ಜುಟ್ಟು ನೋಡಿ: ನೆಟ್ಟಗೆ ನಿಂತರೆ ಬೆದರಿದೆ, ತಲೆಗೆ ಒತ್ತಿಕೊಂಡರೆ ಸಿಟ್ಟು, ಅರ್ಧಕ್ಕೆ ಇಳಿದಿದ್ದರೆ ಆರಾಮಾಗಿದೆ. ರಾತ್ರಿ ಪೂರ್ತಿ ಕತ್ತಲೆ ಮಾಡಬೇಡಿ. ಕಾಕಟೀಲ್‌ಗಳು ಕತ್ತಲಲ್ಲಿ ಸಣ್ಣ ಸದ್ದಿಗೂ ಗಾಬರಿಯಾಗಿ ಪಂಜರಕ್ಕೆ ಬಡಿದುಕೊಳ್ಳುತ್ತವೆ, ರೆಕ್ಕೆ ಮುರಿದುಕೊಳ್ಳುತ್ತವೆ. ಒಂದು ಜೀರೋ ಬಲ್ಬ್ ಸಾಕು. ಮನೆಯಲ್ಲಿ ಮೊದಲೇ ಹಕ್ಕಿ ಇದ್ದರೆ ಹೊಸದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿ ಇಡಿ.

ಮೊಲ, ಗಿನಿ ಪಿಗ್ ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅವುಗಳ ಹೊಟ್ಟೆ ನಿಂತರೆ ಜೀವಕ್ಕೇ ಅಪಾಯ. ಅವತ್ತೇ ಡಾಕ್ಟರ ಹತ್ತಿರ ಓಡಿ.

ಮತ್ತೆ, ಅಡುಗೆಮನೆಯಲ್ಲಿ ಬಳಸುವಂಥ, ಒಂದೊಂದು ಗ್ರಾಂ ಲೆಕ್ಕ ತೋರಿಸುವ ಡಿಜಿಟಲ್ ತಕ್ಕಡಿ ತನ್ನಿ. ಈ ಸಣ್ಣ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ, ಯಾಕೆಂದರೆ ಕಾಡಿನಲ್ಲಿ ಸೊರಗಿದಂತೆ ಕಂಡದ್ದನ್ನೇ ಬೇಟೆಗಾರ ಪ್ರಾಣಿ ಹಿಡಿಯುತ್ತದೆ. ತೂಕ ಮಾತ್ರ ಮುಚ್ಚಿಡಲಾರವು. ಪ್ರತಿ ಭಾನುವಾರ ಬೆಳಿಗ್ಗೆ, ತಿಂಡಿ ಹಾಕುವ ಮುಂಚೆ ತೂಗಿ. 90 ಗ್ರಾಂ ಇದ್ದ ಕಾಕಟೀಲ್ 80ಕ್ಕೆ ಇಳಿದರೆ ನೋಡಲು ಚೆನ್ನಾಗಿಯೇ ಕಂಡರೂ ಸೋಮವಾರ ರಜೆ ಹಾಕಿ ಡಾಕ್ಟರಿಗೆ ತೋರಿಸಿ. ತೂಕವನ್ನು ಆ ನೋಟ್‌ಬುಕ್ಕಿನಲ್ಲೇ ಬರೆಯಿರಿ, ಆಯುಸ್ಸಿನ ಲೆಕ್ಕ ಹಾಕಿದ ಪುಟದ ಮುಂದಿನ ಪುಟದಿಂದ.